ಹಕಾತಾದ ಟೊಂಕೊತ್ಸು ರಾಮೆನ್

ಜಪಾನಿನ ಫುಕುವೊಕಾ ನಗರದ ಹಕಾತಾ ನಿಲ್ದಾಣದ ಸಮೀಪ, ಅಡುಗೆಯವರ ಎದುರಿಗೇ ಕುಳಿತು ಉಣ್ಣುವ ಒಂದು ಸಾಲು ಆಸನಗಳಷ್ಟೇ ಇರುವ ರಾಮೆನ್ (ಬಿಸಿಸಾರಿನಲ್ಲಿ ನೂಡಲ್ಸ್ ಹಾಕಿ ಕೊಡುವ ಜಪಾನಿ ತಿನಿಸು) ಅಂಗಡಿಯೊಂದರಲ್ಲಿ ಈಚೆಗೆ ಊಟ ಮಾಡಿದೆ. ಬಾಗಿಲ ಬಳಿಯ ಯಂತ್ರಕ್ಕೆ ಹಣ ಹಾಕಿ ಚೀಟಿ ಪಡೆಯಬೇಕು. ನಮ್ಮ ದರ್ಶಿನಿಗಳ ಟೋಕನ್ ಪದ್ಧತಿ ಬಲ್ಲವರಿಗೆ ಇದು ಹೊಸತೆನಿಸದು, ಆದರೆ ಗುಂಡಿಗಳ ಮೇಲೆ ಜಪಾನಿ ಲಿಪಿ ಮಾತ್ರ ಇತ್ತು.

ಹಂದಿಯ ಮೂಳೆಗಳನ್ನು ಗಂಟೆಗಟ್ಟಲೆ ಜೋರಾಗಿ ಕುದಿಸಿ, ಮಜ್ಜೆಯೂ ಕೊಬ್ಬೂ ನೀರಿನೊಡನೆ ಬೆರೆತು ಬೆಳ್ಳಗಾಗುವ ಟೊಂಕೊತ್ಸು ಸಾರೇ ಇಲ್ಲಿನ ಜೀವಾಳ. ತುಟಿಗೆ ಅಂಟುವಷ್ಟು ದಟ್ಟವಾಗಿದ್ದರೂ ಅದು ಬಾಯಿಗೆ ಜಿಡ್ಡೆನಿಸಲಿಲ್ಲ. ಕೆಂಪು ಶುಂಠಿಯ ಉಪ್ಪಿನಕಾಯಿಯನ್ನು ಬೆರೆಸಿದ ಮೇಲಂತೂ ರುಚಿ ಇನ್ನಷ್ಟು ಚುರುಕಾಯಿತು. ತೆಳ್ಳನೆಯ ನೂಡಲ್ಸ್ ಎಷ್ಟು ಬೇಯಬೇಕೆಂದು ಮೊದಲೇ ಕೇಳುತ್ತಾರೆ. ಬಿಸಿಸಾರಿನಲ್ಲಿ ಅದು ಬೇಗ ಮೆತ್ತಗಾಗುವುದರಿಂದ ಸ್ವಲ್ಪ ಗಟ್ಟಿಯಾಗಿರುವುದನ್ನೇ ಕೇಳುವುದು ಒಳ್ಳೆಯದು. ನೂಡಲ್ಸ್ ಮುಗಿದು ಸಾರು ಉಳಿದರೆ, 'ಕಾಎದಾಮಾ' ಎಂದು ಹೇಳಿ, ಸ್ವಲ್ಪ ಹಣ ಕೊಟ್ಟು, ಅದೇ ಬೋಗುಣಿಗೆ ಮತ್ತೊಮ್ಮೆ ನೂಡಲ್ಸ್ ಹಾಕಿಸಿಕೊಳ್ಳಬಹುದು. ಮಾಂಸದ ಹೋಳುಗಳು ಮಾತ್ರ ತಣ್ಣಗಿದ್ದು, ಸಾರಿನ ಘನತೆಗೆ ತಕ್ಕಂತಿರಲಿಲ್ಲ.

ಸಸ್ಯಾಹಾರಿಗಳಿಗೆ ಈ ಅಂಗಡಿಯಲ್ಲಿ ಏನೂ ಇಲ್ಲ. ಮೇಲಿನ ಮಾಂಸ ಬೇಡವೆಂದರೂ ಸಾರು ಮೂಳೆಯದೇ.