'ಚೀಲದ ಲೆಕ್ಕ' ಪ್ರೈವೇಟ್ ಆಗಿ ಮೂರು ವರ್ಷ

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು ನಾನು. ಗೂಗಲ್ ಶೀಟ್ಸ್‌ಗೆ ಒಂದು ಚಿಕ್ಕ ಆಡ್-ಆನ್ (ಶೀಟ್ ಒಳಗೇ ನಡೆಯುವ ಪುಟ್ಟ ಪ್ರೋಗ್ರಾಂ) ಬರೆದು, ಗೂಗಲ್‌ನವರು ಇಂಥವನ್ನು ಇಡುವ ವರ್ಕ್‌ಸ್ಪೇಸ್ ಮಾರ್ಕೆಟ್‌ಪ್ಲೇಸ್‌ಗೆ ಹಾಕಿದ್ದೆ. ಹೆಸರು 'ಚೀಲದ ಲೆಕ್ಕ'. ನಮ್ಮ ಕಡೆ ಭತ್ತದ ದರ ಮಾತಾಡುವುದು 75 ಕೆಜಿ ಚೀಲಕ್ಕೆ. ಆಡಿಟರ್‌ಗೆ ಮಾತ್ರ ಕ್ವಿಂಟಲ್ ಬೇಕು.

ಬೆಳಿಗ್ಗೆ ಲಾರಿ ಬರುತ್ತದೆ, ಕಾಟಾ ಚೀಟಿ ಟೇಬಲ್ ಮೇಲೆ ಬೀಳುತ್ತದೆ. ಎಕ್ಸ್‌ಟೆನ್ಶನ್ಸ್ ಮೆನು ತೆಗೆದು 15,300 ಕೆಜಿ ಅಂತ ಹಾಕಿದರೆ 204 ಚೀಲ, ಪಕ್ಕದಲ್ಲೇ ಹಮಾಲಿ. ನಮ್ಮ ಹಿರಿಯ ಗುಮಾಸ್ತರು ಅಷ್ಟರಲ್ಲಿ ಬೆರಳಲ್ಲೇ ಎಣಿಸಿ ಮುಗಿಸಿರುತ್ತಾರೆ. "ಎಷ್ಟ್ ಬಂತ್ರೀ?" ಅಂತಾರೆ. ಎರಡೂ ಹೊಂದಿದ ಮೇಲೇ ಚಹಾ.

ಆರು ಜನರ ಆಫೀಸಿಗೆ ಪ್ರೈವೇಟ್ ಪಬ್ಲಿಷಿಂಗ್ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಡೊಮೈನ್ (ಇಮೇಲ್‌ನಲ್ಲಿ @ ಆದ ಮೇಲೆ ಬರುವ ಹೆಸರು) ಖಾತೆ ಇದ್ದವರಿಗೆ ಬಿಟ್ಟರೆ ಬೇರೆಯವರಿಗೆ ಕಾಣುವುದಿಲ್ಲ. ಗೂಗಲ್‌ನವರ ಪರಿಶೀಲನೆಗೆ ಕಾಯಬೇಕಿಲ್ಲ. ಅಡ್ಮಿನ್ ಖಾತೆಯಿಂದ ಎಲ್ಲರಿಗೂ ಒಂದೇ ಸಲ ಇನ್‌ಸ್ಟಾಲ್ ಮಾಡಿದೆ, ಮರುದಿನ ಎಲ್ಲರ ಶೀಟ್‌ನಲ್ಲೂ ಬಂದಿತ್ತು. ಇದಕ್ಕೆ ಅಂತ ಬೇರೆ ದುಡ್ಡೂ ಕೊಟ್ಟಿಲ್ಲ. ಜಾಸ್ತಿ ಹೊತ್ತು ಹೋಗಿದ್ದು 128 ಪಿಕ್ಸೆಲ್ ಐಕಾನ್ ಬರೆಯುವುದರಲ್ಲಿ. ನಾನು ಬರೆದ ಚೀಲ ನೋಡಿ ಎಲ್ಲರೂ "ಇದೇನು, ದಿಂಬಾ?" ಅಂದರು. ಈಗಲೂ ದಿಂಬೇ ಇದೆ.

ಕಿರಿಕಿರಿ ಶುರುವಾಗಿದ್ದು ಕಳೆದ ಸುಗ್ಗಿಯಲ್ಲಿ. ಕಾರಟಗಿಯಲ್ಲಿ ಸಾವುಕಾರರ ಬೀಗರ ಮಿಲ್ ಇದೆ. "ನಮಗೂ ಕೊಡ್ರಿ ಅದನ್ನ" ಅಂದರು. ಅವರ ಡೊಮೈನ್ ಬೇರೆ. ಪಬ್ಲಿಕ್ ಮಾಡಿದರಾಯಿತು ಅಂತ ಸೆಟ್ಟಿಂಗ್ ತೆಗೆದೆ. ಆಗಲಿಲ್ಲ. ಪಬ್ಲಿಕ್ಕೋ ಪ್ರೈವೇಟೋ, ಒಂದು ಸಲ ಸೇವ್ ಮಾಡಿದರೆ ಮುಗಿಯಿತು, ಬದಲಾಯಿಸಲು ಆಗುವುದಿಲ್ಲ. ಮೊದಲೇ ಹೇಳಿದ್ದರು, ಓದದೆ ಒತ್ತಿದವನು ನಾನೇ ಅಲ್ವಾ. ಪಬ್ಲಿಕ್ ಬೇಕು ಅಂದರೆ ಗೂಗಲ್ ಕ್ಲೌಡ್‌ನಲ್ಲಿ ಆಡ್-ಆನ್‌ಗೆ ಹೊಸ ಪ್ರಾಜೆಕ್ಟ್ ತೆರೆಯಬೇಕು, ಪ್ರೈವಸಿ ಪಾಲಿಸಿಗೆ ಒಂದು ಪುಟ, ಆಮೇಲೆ ಪರಿಶೀಲನೆ. ಲಿಂಕ್ ಇದ್ದವರಿಗಷ್ಟೇ ಸಿಗುವ 'ಅನ್‌ಲಿಸ್ಟೆಡ್' ಅಂತಲೂ ಒಂದಿದೆ. ಹೊರಗಿನವರಿಗೆ ಕೊಡಬೇಕಾದರೆ ಅದಕ್ಕೂ ಪರಿಶೀಲನೆ ತಪ್ಪಿದ್ದಲ್ಲ. ಎರಡು ಮಿಲ್‌ಗೋಸ್ಕರ ಇಷ್ಟೆಲ್ಲಾ ಯಾರು ಮಾಡುತ್ತಾರೆ?

ಒಂದು ವಾರ ಬೈದುಕೊಂಡೆ. ಆಮೇಲೆ ಕೋಡನ್ನೇ ಕಳಿಸಿದೆ. ಬೀಗರ ಹುಡುಗ ಅವರ ಡೊಮೈನ್‌ನಲ್ಲಿ ತಾನೇ ಪ್ರೈವೇಟ್ ಆಗಿ ಹಾಕಿಕೊಂಡ, ಐಕಾನ್ ಕೂಡ ಚೆನ್ನಾಗಿ ಬರೆದ. ಈಗ ಹಮಾಲಿ ದರ ಏರಿದಾಗೆಲ್ಲ ಇಲ್ಲಿ ತಿದ್ದಿ, ಅವನಿಗೆ ಫೋನ್ ಮಾಡುತ್ತೇನೆ: "ನಲವತ್ತೆರಡನೇ ಸಾಲು ನೋಡಪ್ಪಾ."