ಎಲೆಯ ಸಂದಿನ ಬಿಳಿ ಹತ್ತಿಯನ್ನು ‘ಗೊಬ್ಬರದ ಪುಡಿ’ ಎಂದರೆ ನಂಬಬೇಡಿ

ಮನೆಯೊಳಗೆ ಇಡಲು ಗಿಡ ಕೊಳ್ಳುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಒಂದು ಬಳ್ಳಿಯನ್ನು ತಂದು ನಾನು ಐದು ಗಿಡಗಳನ್ನು ಕಳೆದುಕೊಂಡಿದ್ದೇನೆ. ಅದಕ್ಕಿಂತಲೂ, ಕಣ್ಣಿಗೆ ಕಂಡದ್ದನ್ನು ಬಿಟ್ಟು ಮಾರುವವರ ಮಾತಿಗೆ ತಲೆಯಾಡಿಸಿ ಬಂದೆನಲ್ಲ ಎಂಬ ನಾಚಿಕೆ ಇನ್ನೂ ಹೋಗಿಲ್ಲ.

ನಾನು ತಂದದ್ದು ಹೋಯಾ ಬಳ್ಳಿ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿನಲ್ಲಿ ಹತ್ತಿಯ ಎಳೆಯಂತೆ ಬೆಳ್ಳಗೆ ಏನೋ ಅಂಟಿಕೊಂಡಿತ್ತು. ಅದನ್ನು ನಾನು ಕೊಳ್ಳುವಾಗಲೇ ನೋಡಿದೆ, ಕೊಳ್ಳುವಾಗಲೇ ಕೇಳಿದೆ. ‘ಅದು ಗೊಬ್ಬರದ ಪುಡಿ, ಎರಡು ಸಲ ನೀರು ಚಿಮುಕಿಸಿ, ಹೋಗುತ್ತದೆ’ ಎಂದರು. ಅಷ್ಟು ನಿಶ್ಚಿಂತೆಯಿಂದ ಹೇಳಿದ್ದರಿಂದ ಮತ್ತೆ ಕೇಳಲು ನನಗೇ ಸಂಕೋಚವಾಯಿತು. ಮನೆಗೆ ತಂದು ಉಳಿದ ಕುಂಡಗಳಿಗೆ ಒತ್ತಾಗಿ, ಎಲೆಗೆ ಎಲೆ ತಾಗುವಂತೆ ಇಟ್ಟೆ.

ಮೂರು ವಾರ ಕಳೆಯುವಷ್ಟರಲ್ಲಿ ಕಿಟಕಿಯ ಕಟ್ಟೆ ಜಿಗುಟಾಯಿತು, ಇರುವೆಗಳು ಸಾಲುಗಟ್ಟಿದವು, ಪಕ್ಕದ ಕ್ರೋಟನ್ನಿನ ಎಲೆಗಳ ಮೇಲೆ ಮಸಿ ಬಳಿದಂತೆ ಕಪ್ಪು ಬೂಷ್ಟು ಕಾಣಿಸಿತು. ಒಂದು ರಾತ್ರಿ ಟಾರ್ಚ್ ಹಿಡಿದು ಹೋಯಾದ ಎಲೆಯೊಂದನ್ನು ಮಗುಚಿದಾಗ, ಅವರು ಪುಡಿ ಎಂದಿದ್ದ ಆ ಬಿಳಿಯ ಚುಕ್ಕೆ ಎಲೆಯ ನಡುನರದ ಗುಂಟ ಮೆಲ್ಲಗೆ ಸರಿಯುತ್ತಿತ್ತು. ಉಗುರಿನಿಂದ ಒತ್ತಿದೆ. ಕಿತ್ತಳೆ ಬಣ್ಣದ ರಸ ಬೆರಳಿಗೆ ಮೆತ್ತಿಕೊಂಡಿತು. ಅದು ಹಿಟ್ಟು ತಿಗಣೆ (ಮೀಲಿಬಗ್), ಗಿಡದ ರಸ ಹೀರುವ ಕೀಟ. ಗಿಡಗಳನ್ನೇ ಮಾರಿ ಬದುಕುವವರಿಗೆ ಹಿಟ್ಟು ತಿಗಣೆಯ ಗುರುತು ಸಿಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಗೊತ್ತಿದ್ದೇ ಮಾರಿದ್ದಾರೆ ಎಂದು ಆ ಕ್ಷಣದಲ್ಲಿ ಖಚಿತವಾಯಿತು; ಬೆರಳನ್ನು ಎಷ್ಟು ತೊಳೆದರೂ ಸಿಟ್ಟು ಇಳಿಯಲಿಲ್ಲ.

ಫೋಟೋ ಕಳುಹಿಸಿದೆ. ‘ನೀವು ನೀರು ಜಾಸ್ತಿ ಹಾಕಿದ್ದೀರಿ, ಅದಕ್ಕೇ ಹುಳ ಬಂದಿದೆ’ ಎಂಬ ಉತ್ತರ ಬಂತು. ನೀರು ಹಾಕಿದ ಮಾತ್ರಕ್ಕೆ ಹಿಟ್ಟು ತಿಗಣೆ ಹುಟ್ಟುವುದಿಲ್ಲ. ಅದರ ಮರಿಗಳು ತಾಗಿಕೊಂಡಿರುವ ಎಲೆಗಳ ಮೇಲಿಂದ ನಡೆದು ಬರುತ್ತವೆ, ಅವು ಹೊರಬಿಡುವ ಸಿಹಿ ಅಂಟಿನ ಆಸೆಗೆ ಇರುವೆಗಳೂ ಅವುಗಳನ್ನು ಹೊತ್ತು ತರುತ್ತವೆ. ಇದನ್ನೆಲ್ಲ ವಿವರಿಸಿ ಬರೆದ ಮೇಲೆ, ತಮ್ಮಲ್ಲಿ ‘ಸಂಪೂರ್ಣ ಸಾವಯವ’ ಔಷಧಿ ಇದೆ, ಒಂದೇ ಸಿಂಪಡಣೆ ಸಾಕು ಎಂದರು. ಹೇಳಲು ನಾಚಿಕೆಯಾಗುತ್ತದೆ, ಅದನ್ನೂ ಕೊಂಡೆ. ಬಾಟಲಿಯ ಮೇಲೆ ಚೀಟಿ ಇಲ್ಲ, ಒಳಗೇನಿದೆ ಎಂದಿಲ್ಲ, ಎಷ್ಟು ನೀರಿಗೆ ಎಷ್ಟು ಬೆರೆಸಬೇಕು ಎಂದಿಲ್ಲ. ಏನು ಬೆರೆಸಿದ್ದೀರಿ ಎಂದು ಕೇಳಿದರೆ ‘ಎಲ್ಲ ಗಿಡಮೂಲಿಕೆ’ ಎಂಬ ಒಂದೇ ಮಾತು.

ಸಿಂಪಡಿಸಿದ ಎರಡೇ ದಿನಕ್ಕೆ ಎಲೆಗಳ ಅಂಚು ಸುಟ್ಟಂತೆ ಕಂದಾಯಿತು. ತಿಗಣೆಗಳು ವಾರದೊಳಗೆ ಮತ್ತೆ ಕಾಣಿಸಿಕೊಂಡವು. ಒಂದೊಂದು ಹೆಣ್ಣು ಹತ್ತಿಯಂತಹ ಚೀಲದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ, ಆ ಮೇಣದ ಹೊದಿಕೆಯನ್ನು ದಾಟಿ ಸಿಂಪಡಣೆ ಒಳಗಿಳಿಯುವುದು ಕಷ್ಟ. ಆದ್ದರಿಂದ ಒಂದೇ ಸಲಕ್ಕೆ ಸಾಕು ಎನ್ನುವ ಔಷಧಿಯನ್ನು ಯಾರೇ ಕೊಟ್ಟರೂ ಮುಟ್ಟಬೇಡಿ, ಚೀಟಿಯಿಲ್ಲದ ಬಾಟಲಿಯನ್ನಂತೂ ಮುಟ್ಟಲೇಬೇಡಿ. ಈಗ ನಾನು ಶೇ. 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಹತ್ತಿ ಅದ್ದಿ, ಮೊದಲು ಒಂದು ಎಲೆಯ ಮೇಲೆ ಪರೀಕ್ಷಿಸಿ, ಒಂದೊಂದೇ ಸಂದನ್ನು ಒರೆಸುತ್ತಿದ್ದೇನೆ. ವಾರಕ್ಕೊಮ್ಮೆ, ಬಿಡದೆ ಒರೆಸಬೇಕು. ಕೊಳ್ಳುವ ಮೊದಲು ಎಲೆಯ ಅಡಿಯನ್ನು ಮಗುಚಿ ನೋಡಿ, ತಂದ ಗಿಡವನ್ನು ಕನಿಷ್ಠ ಮೂರು ವಾರ ಬೇರೆ ಕೋಣೆಯಲ್ಲಿಡಿ. ನಾನು ಇಷ್ಟನ್ನು ಮಾಡಿದ್ದರೆ ಐದೂ ಗಿಡಗಳು ಇಂದು ಇರುತ್ತಿದ್ದವು.

ಕೊನೆಗೆ ಹೋಯಾವನ್ನು ಎಸೆಯಲೆಂದು ಕುಂಡದಿಂದ ಕಿತ್ತಾಗ, ಬೇರುಗಳ ನಡುವೆಯೂ ಅದೇ ಬಿಳಿ ಮೇಣ ಮೆತ್ತಿತ್ತು. ಅದರ ಫೋಟೋವನ್ನೂ ಕಳುಹಿಸಿದೆ. ‘ನಮ್ಮಲ್ಲಿದ್ದಾಗ ಗಿಡ ಚೆನ್ನಾಗಿಯೇ ಇತ್ತು’ ಎಂದು ಬರೆದರು, ಆಮೇಲೆ ನನ್ನ ಯಾವ ಸಂದೇಶಕ್ಕೂ ಉತ್ತರವಿಲ್ಲ. ಉಳಿದಿರುವುದು ಎರಡು ಕುಂಡಗಳು. ಇಂದು ಬೆಳಿಗ್ಗೆಯೂ ಒಂದರ ಚಿಗುರಿನ ಬುಡದಲ್ಲಿ ಮೂರು ತಿಗಣೆಗಳು ಸಿಕ್ಕವು.