ಕಕ್ಕ, ಹೂಸು ಮತ್ತು ಮೂರು ಚಿತ್ರಪುಸ್ತಕಗಳು

ನಾಲ್ಕು ವರ್ಷದ ಮಕ್ಕಳ ಮುಂದೆ ‘ಕಕ್ಕ’ ಅಂದರೆ ಸಾಕು, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಈ ನಗುವನ್ನು ನಂಬಿಕೊಂಡೇ ಬಂದ ಚಿತ್ರಪುಸ್ತಕಗಳು ಬೇಕಾದಷ್ಟಿವೆ. ಬೆಲೆ ಮಾತ್ರ ಜಾಸ್ತಿ. ಹಾಗಾಗಿ ಕೊಳ್ಳುವ ಮುಂಚೆ ಒಂದು ಮಾತು ತಿಳಿದಿರಲಿ ಅಂತ, ನಮ್ಮ ಮನೆಯಲ್ಲಿ ಓದಿ ನೋಡಿದ ಮೂರು ಪುಸ್ತಕಗಳ ಬಗ್ಗೆ ಬರೆಯುತ್ತಿದ್ದೇನೆ. ಕೇಳಿದವರು ನನ್ನ ಮಗಳು, ಮತ್ತು ಸಂಜೆ ನಮ್ಮ ಮನೆಗೆ ಆಡಲು ಬರುವ ಅಪಾರ್ಟ್‌ಮೆಂಟಿನ ಮಕ್ಕಳು. ನನ್ನ ಕೈಲಿದ್ದ ಮೂರೂ ಪ್ರತಿಗಳು ಇಂಗ್ಲಿಷಿನವು. ಚಿತ್ರ ತೋರಿಸುತ್ತಾ ಕನ್ನಡದಲ್ಲೇ ಹೇಳಿದೆ.

ನಾನು ನೋಡಿದ್ದು ಒಂದೇ ವಿಷಯ. ಮೊದಲ ಸಲದ ನಗು ಮುಗಿದ ಮೇಲೆ ಮಕ್ಕಳಿಗೆ ಆ ಪುಸ್ತಕದಲ್ಲಿ ಇನ್ನೇನು ಉಳಿಯುತ್ತದೆ?

ತಾರೋ ಗೋಮಿ ಅವರ ‘ಎವ್ರಿಒನ್ ಪೂಪ್ಸ್’ 1977ರಲ್ಲಿ ಜಪಾನಿನಲ್ಲಿ ಬಂದದ್ದು, 1993ರಲ್ಲಿ ಇಂಗ್ಲಿಷಿಗೆ ಬಂತು. ಇದರಲ್ಲಿ ಕಥೆಯೇ ಇಲ್ಲ. ಆನೆಯದು ದೊಡ್ಡ ಕಕ್ಕ, ಇಲಿಯದು ಪುಟ್ಟದು. ತಿಮಿಂಗಿಲದ್ದು ಹೇಗಿರುತ್ತದೆ? ಹಾವಿನ ಹಿಂಭಾಗ ಯಾವುದು? ಒಂದು ಡುಬ್ಬದ ಒಂಟೆಗೆ ಒಂದು ಡುಬ್ಬದ ಕಕ್ಕ, ಎರಡು ಡುಬ್ಬದ ಒಂಟೆಗೆ ಎರಡು ಡುಬ್ಬದ್ದು ಅನ್ನುತ್ತದೆ. ಕೂಡಲೇ, ಸುಮ್ನೆ ತಮಾಷೆಗೆ ಹೇಳಿದ್ದು ಅನ್ನುತ್ತದೆ. ನಗಿಸಬೇಕು ಅಂತಲೇ ಹಾಕಿದ್ದು ಹೆಚ್ಚುಕಮ್ಮಿ ಅದೊಂದೇ. ಉಳಿದದ್ದೆಲ್ಲ ನೇರ ಮಾತು. ಎಲ್ಲರೂ ತಿನ್ನುತ್ತಾರೆ, ಅದಕ್ಕೇ ಎಲ್ಲರೂ ಕಕ್ಕ ಮಾಡುತ್ತಾರೆ, ಅಷ್ಟೇ. ಆದರೂ ಮಕ್ಕಳು ನಗುತ್ತಾರೆ. ನಕ್ಕ ಮೇಲೆ ಪ್ರಶ್ನೆ ಶುರು. “ಅಮ್ಮಾ, ಇರುವೆನೂ ಮಾಡತ್ತಾ?” “ಹೂಂ, ಮಾಡತ್ತೆ.” “ಎಲ್ಲಿ ಮಾಡತ್ತೆ?”

ಆ ದಿನಗಳಲ್ಲಿ ನನ್ನ ಮಗಳು ಪ್ಲೇಸ್ಕೂಲಿನಲ್ಲಿ ಕಕ್ಕ ಬಂದರೂ ಹೇಳದೆ ತಡೆದುಕೊಳ್ಳುತ್ತಿದ್ದಳು. ತಡೆದಷ್ಟೂ ಕರುಳು ನೀರು ಹೀರಿಕೊಂಡು ಕಕ್ಕ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ನೋವು. ನೋವಿಗೆ ಹೆದರಿ ಮಗು ಮತ್ತೆ ತಡೆಯುತ್ತದೆ. ಪಪ್ಪಾಯಿ, ಜಾಸ್ತಿ ನೀರು, ಊಟವಾದ ಮೇಲೆ ಸ್ವಲ್ಪ ಹೊತ್ತು ಕೂರಿಸುವುದು, ಇದೆಲ್ಲ ಮಾಡುತ್ತಲೇ ಇದ್ದೆವು. ನಾಚಿಕೆ ಬಿಡಿಸಿದ್ದು ಮಾತ್ರ ಈ ಪುಸ್ತಕ ಅಂತ ನನಗೆ ಗಟ್ಟಿಯಾಗಿ ಅನ್ನಿಸಿದೆ. ಆನೆಯೂ ಮಾಡುತ್ತದೆ ಅಂದಮೇಲೆ ಮಿಸ್ ಹತ್ತಿರ ಹೇಳಲು ಅವಳಿಗೆ ಧೈರ್ಯ ಬಂತು.

ಇನ್ನು ನನ್ನ ಮೆಚ್ಚಿನದು. ವರ್ನರ್ ಹೋಲ್ಟ್ಸ್‌ವಾರ್ಟ್ ಬರೆದು ವುಲ್ಫ್ ಎರ್ಲ್‌ಬ್ರುಕ್ ಚಿತ್ರ ಬಿಡಿಸಿದ ಪುಟ್ಟ ಮೋಲ್‌ನ ಕಥೆ. ಜರ್ಮನಿಯಲ್ಲಿ 1989ರಲ್ಲಿ ಬಂತು. ಮೋಲ್ ಅಂದರೆ ನೆಲದೊಳಗೆ ಬಿಲ ತೋಡಿಕೊಂಡು ಇರುವ, ಇಲಿಯಂಥ ಪುಟ್ಟ ಪ್ರಾಣಿ. ಬಿಲದಿಂದ ತಲೆ ಹೊರಗೆ ಹಾಕಿದ ಮೋಲ್‌ನ ನೆತ್ತಿ ಮೇಲೆ ಯಾರದ್ದೋ ಕಕ್ಕ ಬಿದ್ದಿದೆ. ಅದನ್ನು ಹೊತ್ತುಕೊಂಡೇ ಅದು ಒಬ್ಬೊಬ್ಬರನ್ನೇ ವಿಚಾರಿಸುತ್ತಾ ಹೋಗುತ್ತದೆ. ನೀನಾ ಮಾಡಿದ್ದು? ನಾನಲ್ಲಪ್ಪ, ನಂದು ಹೀಗಿರುತ್ತೆ ನೋಡು ಅಂತ ಪ್ರತಿ ಪ್ರಾಣಿಯೂ ಅಲ್ಲೇ ಮಾಡಿ ತೋರಿಸುತ್ತದೆ. ಪಾರಿವಾಳದ್ದು ಪಚಕ್ಕನೆ ಬಿಳಿ. ಕುದುರೆ ಲದ್ದಿ ದಪ್ಪ ದಪ್ಪ ಉಂಡೆ. ಮೊಲ, ಆಡುಗಳ ಹಿಕ್ಕೆ ಪಟಪಟನೆ ಉದುರುತ್ತದೆ. ಹಸುವಿನ ಸಗಣಿ ತೊಪ್ಪಂತ ಬೀಳುತ್ತದೆ. ಕೊನೆಗೆ ಪತ್ತೆ ಹಚ್ಚುವುದು ನೊಣಗಳು. ಈ ವಿಷಯದಲ್ಲಿ ಅವಕ್ಕಿಂತ ಬಲ್ಲವರು ಯಾರಿದ್ದಾರೆ!

ಇದನ್ನು ಗಟ್ಟಿಯಾಗಿ ಓದಲು ನಾಚಬಾರದು. ಪ್ರತಿ ಪುಟದ ಸದ್ದನ್ನೂ ಬಾಯಲ್ಲಿ ಮಾಡಬೇಕು. ಎರಡನೇ ಓದಿನಿಂದ ಮಕ್ಕಳೇ ಮಾಡುತ್ತಾರೆ. ಪತ್ತೇದಾರಿ ಕಥೆ ಆದ್ದರಿಂದ ಅವರು ಚಿತ್ರವನ್ನು ನಿಧಾನವಾಗಿ ನೋಡುತ್ತಾರೆ, ಮೋಲ್‌ನ ತಲೆ ಮೇಲಿರುವುದನ್ನು ಕೆಳಗೆ ಬಿದ್ದದ್ದರ ಜೊತೆ ಹೋಲಿಸುತ್ತಾರೆ. ಇದು ನಿಜವಾದ ಗಮನ, ಅಲ್ವಾ? ಎರ್ಲ್‌ಬ್ರುಕ್‌ಗೆ 2006ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿ, 2017ರಲ್ಲಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಪ್ರಶಸ್ತಿ ಬಂದಿವೆ. ಮೋಲ್‌ನ ಸಿಟ್ಟಿನ ಮುಖ ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಪಾರಿವಾಳದ ಪುಟ ಬೆಂಗಳೂರಿನ ಮಕ್ಕಳಿಗೆ ಬೇರೆಯೇ ರುಚಿ. ನಮ್ಮ ಬಾಲ್ಕನಿಗೆ ಬಲೆ ಹಾಕಿಸಿದ್ದೇ ಅವುಗಳ ಕಾಟಕ್ಕೆ. ಹಕ್ಕಿಗಳಿಗೆ ಸೂಸು ಬೇರೆ, ಕಕ್ಕ ಬೇರೆ ಬರುವುದಿಲ್ಲ, ಎರಡೂ ಒಂದೇ ದಾರಿಯಲ್ಲಿ ಒಟ್ಟಿಗೆ ಬರುತ್ತವೆ, ಆ ಬಿಳಿ ಭಾಗ ಯೂರಿಕ್ ಆಮ್ಲ ಅಂತ ಹೇಳಿದ್ದಕ್ಕೆ ಎಲ್ಲರೂ ಎದ್ದು ಬಾಲ್ಕನಿಗೆ ಓಡಿದರು. ಕಬ್ಬನ್ ಪಾರ್ಕಿಗೆ ಹೋದಾಗಲೂ ನೆಲ ನೋಡಿಕೊಂಡೇ ನಡೆಯುತ್ತಾಳೆ ನನ್ನ ಮಗಳು. ಇದು ಯಾರದ್ದು, ಅದು ಯಾರದ್ದು?

ಅತ್ತೆಗೆ ಮೊದಲು ಹಿಡಿಸಲಿಲ್ಲ. “ದೀಪ ಹಚ್ಚೋ ಹೊತ್ತಲ್ಲಿ ಇದೇನು ಓದ್ತಿದ್ದೀಯಮ್ಮ, ಬೇರೆ ಕಥೆ ಇಲ್ವಾ?” ಅಂದರು. ಅವರ ಮಾತು ನ್ಯಾಯವೇ. ದೀಪ ಹಚ್ಚುವ ಹೊತ್ತು ಮತ್ತು ಊಟದ ಹೊತ್ತು ಬಿಟ್ಟು ಓದುವುದು ಅಂತ ಮಾಡಿಕೊಂಡೆವು. ಆಮೇಲೆ ಸಗಣಿ ಪುಟ ಬಂದಾಗ, ಊರಲ್ಲಿ ಚಿಕ್ಕವರಿದ್ದಾಗ ಗೋಡೆಗೆ ಬೆರಣಿ ತಟ್ಟುತ್ತಿದ್ದದ್ದನ್ನು ಅವರೇ ಮಕ್ಕಳಿಗೆ ಹೇಳಿದರು. ಕೈಯಲ್ಲೇ ಮುಟ್ಟುತ್ತಿದ್ದಿರಾ ಅಂತ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು.

ತಲೆ ಮೇಲೆ ಕಕ್ಕ ಮಾಡಿದ್ದು ಒಂದು ನಾಯಿ ಅಂತ ಗೊತ್ತಾಗಿ, ಕೊನೆಯಲ್ಲಿ ಮೋಲ್ ಆ ನಾಯಿಯ ತಲೆ ಮೇಲೆ ತನ್ನದೊಂದು ಪುಟಾಣಿ ಹಿಕ್ಕೆ ಹಾಕಿ ಸೇಡು ತೀರಿಸಿಕೊಳ್ಳುತ್ತದೆ. ಇದು ಕೆಲವರಿಗೆ ಇಷ್ಟವಾಗದಿರಬಹುದು. ಅಷ್ಟು ದೊಡ್ಡ ನಾಯಿಗೆ ಅಷ್ಟು ಚಿಕ್ಕ ಸೇಡು ಎಂಬುದೇ ಅಲ್ಲಿಯ ನಗು, ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಮೂರನೆಯದು 2001ರ ‘ವಾಲ್ಟರ್ ದ ಫಾರ್ಟಿಂಗ್ ಡಾಗ್’. ಸದಾ ಹೂಸು ಬಿಡುವ ನಾಯಿ. ಅಪ್ಪ ಅದನ್ನು ವಾಪಸ್ ಕಳಿಸಬೇಕು ಅಂತಾನೆ. ಅಷ್ಟರಲ್ಲಿ ಮನೆಗೆ ಕಳ್ಳರು ನುಗ್ಗುತ್ತಾರೆ, ವಾಲ್ಟರ್ ಹೂಸಿಗೇ ಓಡಿಹೋಗುತ್ತಾರೆ. ಮೊದಲ ದಿನ ಇದಕ್ಕೆ ಬಂದಷ್ಟು ನಗು ಬೇರೆ ಯಾವುದಕ್ಕೂ ಬರಲಿಲ್ಲ. ಆದರೆ ತಮಾಷೆ ಒಂದೇ, ಪುಟಪುಟಕ್ಕೂ ಅದೇ. ಮಾತೂ ಉದ್ದ. ನಾಲ್ಕು ವರ್ಷದವರು ಮಧ್ಯದಲ್ಲೇ ಎದ್ದು ಹೋದರು. ನನಗೆ ಚುಚ್ಚಿದ್ದು ಬೇರೆ. ತಡೆಯಲಾಗದ ಒಂದು ವಿಷಯಕ್ಕೆ ಮನೆಯಿಂದಲೇ ಕಳಿಸುವ ಮಾತು ಬರುತ್ತದೆ. ಮನೆಯಲ್ಲಿ ಉಳಿಯಲು ವಾಲ್ಟರ್ ಕಳ್ಳರನ್ನು ಓಡಿಸಬೇಕಾಯಿತು. “ಕಳ್ಳರು ಬರ್ದೇ ಇದ್ದಿದ್ರೆ?” ಅಂತ ಮಗಳು ಕೇಳಿದಳು. ಕಥೆಯಲ್ಲಿನ ಆ ಮನೆಯ ಮಕ್ಕಳೂ ವಾಲ್ಟರೂ ಒಬ್ಬರನ್ನೊಬ್ಬರು ಬಿಡದಷ್ಟು ಪ್ರೀತಿಸುತ್ತಾರೆ, ಅದು ನಿಜ. ಏಳು ದಾಟಿದ, ತಾವೇ ಓದಿಕೊಳ್ಳುವ ಮಕ್ಕಳಿಗೆ ಕೊಡಿ, ಅವರಿಗೆ ಚೆನ್ನಾಗಿ ಹಿಡಿಸುತ್ತದೆ.

ಕಕ್ಕಕ್ಕೆ ಕೂರಲು ಕಲಿಯುತ್ತಿರುವ, ತಡೆದುಕೊಳ್ಳುವ ಮಗುವಿದ್ದರೆ ಮೊದಲು ಗೋಮಿ. ಮೂರೂವರೆ ನಾಲ್ಕು ವರ್ಷ ಆಗಿದ್ದರೆ ಮೋಲ್. ಹೊಸದರ ಬೆಲೆ ಭಾರವಾದರೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಮೋಲ್ ಕಥೆಗೆ ಎಳೆದರೆ, ತೆರೆದರೆ ಚಿತ್ರ ಎದ್ದು ನಿಲ್ಲುವ ಆವೃತ್ತಿಯೂ ಇದೆ. ಚಿಕ್ಕ ಮಕ್ಕಳ ಕೈಗೆ ಅದು ಬೇಗ ಹರಿಯುತ್ತದೆ, ಸಾದಾ ಪುಸ್ತಕವನ್ನೇ ತಗೊಳ್ಳಿ.